ಪ್ರವೇಶ ಪರೀಕ್ಷೆ ಫೇಲಾದವನು ಹನಿ ನೀರಲ್ಲಿ ಕಂಡದ್ದು

ಅಣ್ಣ ತಮ್ಮ ಇಬ್ಬರೂ ಒಟ್ಟಿಗೆ ಕೂತು ಓದಿದರು. ಒಂದೇ ಪರೀಕ್ಷೆ ಬರೆದರು. ಅಣ್ಣ ಪಾಸಾದ, ತಮ್ಮ ಫೇಲಾದ. ತಮಾಷೆಯೆಂದರೆ, ಈ ಪರೀಕ್ಷೆ ಬರೆಯೋಣ ಬಾ ಎಂದು ಅಣ್ಣನನ್ನು ಹುರಿದುಂಬಿಸಿ ಓದಲು ಕೂರಿಸಿದ್ದೇ ತಮ್ಮ!

ಇದು ಸಿಇಟಿ, ಜೆಇಇ ಕಾಲದ ಕಥೆಯಲ್ಲ. 1818ರಲ್ಲಿ ಫ್ರಾನ್ಸ್‌ನಲ್ಲಿ ನಡೆದದ್ದು. ಪರೀಕ್ಷೆ ಪ್ಯಾರಿಸ್‌ನ ಎಕೋಲ್ ಪಾಲಿಟೆಕ್ನಿಕ್ ಎಂಬ ಹೆಸರಾಂತ ಸಂಸ್ಥೆಯ ಪ್ರವೇಶಕ್ಕೆ. ಎಂಜಿನಿಯರ್ ಆಗಬೇಕೆನ್ನುವ ಅಲ್ಲಿನ ಹುಡುಗರಿಗೆ ಅದು ಆಗ ನಮ್ಮ ಐಐಟಿ ಇದ್ದಂತೆ. ಸೀಟು ಸಿಗದೆ ವಾಪಸಾದ ಹುಡುಗನ ಹೆಸರು ಫೆಲಿಕ್ಸ್ ಡುಜಾರ್ಡಿನ್.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಈ ಹೆಸರು ಎಲ್ಲೋ ಕೇಳಿದಂತೆ ಅನಿಸಬಹುದು. ನಮ್ಮ ಹಾಸ್ಟೆಲ್‌ನ ಸೀನಿಯರ್ ಒಬ್ಬರ ಜಿ.ಕೆ. ಗೈಡ್‌ನಲ್ಲಿ ಈತನ ಬಗ್ಗೆ ಇದ್ದದ್ದು ಒಂದೇ ಸಾಲು. ಜೀವದ್ರವ್ಯವನ್ನು 1835ರಲ್ಲಿ ಗುರುತಿಸಿ ಸಾರ್ಕೋಡ್ ಎಂದು ಕರೆದವನು ಡುಜಾರ್ಡಿನ್. ಅಷ್ಟೇ. ಬಾಯಿಪಾಠ ಮಾಡಿ ಮುಂದೆ ಹೋಗುವಂಥ ಸಾಲು. ನಾನು ಸಿವಿಲ್ ವಿಭಾಗದ ಬಿ.ಇ. ವಿದ್ಯಾರ್ಥಿ, ಜೀವಶಾಸ್ತ್ರಕ್ಕೂ ನನಗೂ ಪಿಯುಸಿಗೇ ನಂಟು ಮುಗಿದಿತ್ತು. ಆದರೂ ಈ ಮನುಷ್ಯನ ಬಗ್ಗೆ ಹುಡುಕುತ್ತ ಹೋದಾಗ ಗೊತ್ತಾದ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಜೀವಶಾಸ್ತ್ರದ ಚರಿತ್ರೆಯಲ್ಲಿ ಹೆಸರಾದ ಈತ ಒಂದು ಕಾಲಕ್ಕೆ ಹೊಟ್ಟೆಪಾಡಿಗಾಗಿ ನೀರಾವರಿ ಎಂಜಿನಿಯರ್ ಕೆಲಸ ಮಾಡಿದ್ದ! ಹೈಡ್ರಾಲಿಕ್ಸ್ ಪುಸ್ತಕ ಮೇಜಿನ ಮೇಲಿಟ್ಟುಕೊಂಡಿರುವ ನನಗೆ ಮುಂದೆ ಓದದೆ ಇರಲು ಆಗಲಿಲ್ಲ.

ಗಡಿಯಾರ ರಿಪೇರಿ ಮನೆಯ ಹುಡುಗ

ಡುಜಾರ್ಡಿನ್ ಹುಟ್ಟಿದ್ದು 1801ರ ಏಪ್ರಿಲ್ 5ರಂದು, ಲುವಾರ್ ನದಿ ದಡದ ಟೂರ್ ಎಂಬ ಊರಿನಲ್ಲಿ. ಅಪ್ಪ ಗಡಿಯಾರ ಮಾಡುವವರು, ಅಜ್ಜನೂ ಅದೇ ಕಸುಬಿನವರು. ಹುಡುಗನೂ ಕೆಲ ಕಾಲ ಆ ಕೆಲಸ ಕಲಿತ. ಸಣ್ಣ ಸಣ್ಣ ಚಕ್ರ, ಸ್ಪ್ರಿಂಗ್, ಮೊಳೆಗಳನ್ನು ಕೈ ನಡುಗದಂತೆ ಹಿಡಿದು ಕೂರಿಸುವ ಅಭ್ಯಾಸ ಅಲ್ಲಿಂದಲೇ ಬಂತು. ಮುಂದೆ ಸೂಕ್ಷ್ಮದರ್ಶಕದ ಮುಂದೆ ಕೂತಾಗ ಆ ಕೈಚಳಕ ಎಷ್ಟು ಉಪಯೋಗಕ್ಕೆ ಬರುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಚಿತ್ರ ಬರೆಯುವ ಹುಚ್ಚು. ಆಮೇಲೆ ಮನೆಗೆ ಬೇಕಾದ ಸರ್ಜನ್ ಒಬ್ಬರು ಓದಲು ಕೊಟ್ಟ ಪುಸ್ತಕಗಳಿಂದ ವಿಜ್ಞಾನದ ರುಚಿ ಹತ್ತಿತು. ಅದರಲ್ಲೂ ರಸಾಯನಶಾಸ್ತ್ರ ತುಂಬಾ ಹಿಡಿಸಿತು. ಮನೆಯಲ್ಲೇ ನಾಲ್ಕಾರು ರಾಸಾಯನಿಕಗಳನ್ನು ಇಟ್ಟುಕೊಂಡು, ಪಠ್ಯಪುಸ್ತಕ ನೋಡಿಕೊಂಡು ಪ್ರಯೋಗ ಮಾಡತೊಡಗಿದ. ಪ್ಯಾರಿಸ್‌ಗೆ ಹೋಗಿ ಗೇ ಲ್ಯೂಸಾಕ್, ಥೆನಾರ್ ಅವರಂಥ ದೊಡ್ಡ ರಸಾಯನ ವಿಜ್ಞಾನಿಗಳ ಪ್ರಯೋಗಾಲಯದಲ್ಲಿ ಕಲಿಯಬೇಕು ಎಂಬುದು ಕನಸು. ಆ ಕನಸಿನ ಬಾಗಿಲೇ ಪಾಲಿಟೆಕ್ನಿಕ್ ಪ್ರವೇಶ ಪರೀಕ್ಷೆ. ಹದಿನೇಳನೇ ವಯಸ್ಸಿಗೆ ಆ ಬಾಗಿಲು ಮುಚ್ಚಿತು.

ರಿಸಲ್ಟ್ ಬಂದ ದಿನ ಮನೆಯಲ್ಲಿ ಒಬ್ಬ ಮಗನಿಗೆ ಸಿಹಿ, ಇನ್ನೊಬ್ಬನಿಗೆ ಸಮಾಧಾನದ ಮಾತು ಹೇಗೆ ಹಂಚಿದರೋ ತಿಳಿಯದು. ನಮ್ಮಲ್ಲಿ ಬಹಳ ಮನೆಗಳಲ್ಲಿ ಇದು ಆಗುತ್ತದೆ, ಹೆಚ್ಚು ವಿವರಿಸಬೇಕಿಲ್ಲ.

ಒಂದಾದ ಮೇಲೊಂದು ಕೆಲಸ

ಬೇಸರಗೊಂಡ ಹುಡುಗ ಪ್ಯಾರಿಸ್‌ಗೆ ಹೋಗಿ ಜೆರಾರ್ ಎಂಬ ಪ್ರಸಿದ್ಧ ಚಿತ್ರಕಾರನ ಸ್ಟುಡಿಯೊ ಸೇರಿದ. ಚಿತ್ರಕಲೆ ಕಲಿತ, ಆದರೆ ಹೊಟ್ಟೆ ತುಂಬಬೇಕಲ್ಲ? ಈಶಾನ್ಯ ಫ್ರಾನ್ಸ್‌ನ ಸೆಡಾನ್ ಪಟ್ಟಣದಲ್ಲಿ ಹೈಡ್ರಾಲಿಕ್ ಎಂಜಿನಿಯರ್ ಕೆಲಸಕ್ಕೆ ಸೇರಿಕೊಂಡ. ಅಲ್ಲೇ 1823ರಲ್ಲಿ ಮದುವೆಯೂ ಆಯಿತು. ಆದರೆ ಮನಸ್ಸು ನಿಲ್ಲಲಿಲ್ಲ. ಊರಿಗೆ ವಾಪಸು ಬಂದು ಗ್ರಂಥಾಲಯ ನೋಡಿಕೊಳ್ಳುವ ಕೆಲಸ ಹಿಡಿದ. ಜೊತೆಗೆ ಗಣಿತ, ಸಾಹಿತ್ಯ ಪಾಠ ಹೇಳತೊಡಗಿದ. ಪಾಠ ಕೇಳುವವರು ಹೆಚ್ಚಾದಾಗ ಗ್ರಂಥಾಲಯದ ಕೆಲಸ ಬಿಟ್ಟ.

1826ರಲ್ಲಿ ಟೂರ್ ನಗರದವರು ಅನ್ವಯಿಕ ವಿಜ್ಞಾನದ ತರಗತಿಗಳನ್ನು ಶುರು ಮಾಡಿದಾಗ ರೇಖಾಗಣಿತ ಕಲಿಸುವ ಹೊಣೆ ಈತನಿಗೆ ಬಂತು. 1829ರಲ್ಲಿ ರಸಾಯನಶಾಸ್ತ್ರವೂ ಸೇರಿತು, ಪ್ರಯೋಗಾಲಯಕ್ಕೆ ಹಣವೂ ಸಿಕ್ಕಿತು. ಪಾಲಿಟೆಕ್ನಿಕ್ ಕೊಡದ ಪ್ರಯೋಗಾಲಯವನ್ನು ಹುಟ್ಟೂರೇ ಕೊಟ್ಟಂತಾಯಿತು. ಇಷ್ಟರ ನಡುವೆ ದೃಗ್ವಿಜ್ಞಾನ, ಸ್ಫಟಿಕಗಳ ಅಧ್ಯಯನ, ಗಿಡಮರ ಹುಡುಕಿಕೊಂಡು ಸುತ್ತಾಟ. 1833ರಲ್ಲಿ ಇಬ್ಬರ ಜೊತೆ ಸೇರಿ ತನ್ನ ಜಿಲ್ಲೆಯ ಸಸ್ಯಗಳ ಬಗ್ಗೆ ಪುಸ್ತಕವನ್ನೂ ಹೊರತಂದ.

ರೆಸ್ಯೂಮೆ ನೋಡಿದ ಯಾವುದೇ ಎಚ್.ಆರ್. ಕೇಳುವ ಮೊದಲ ಪ್ರಶ್ನೆ, ಇಷ್ಟೊಂದು ಕಡೆ ಯಾಕೆ ಹೋದಿರಿ ಎಂದು. ಡುಜಾರ್ಡಿನ್‌ಗೂ ಒಳಗೊಳಗೇ ಈ ಪ್ರಶ್ನೆ ಕಾಡಿತ್ತು. ಮೂವತ್ತು ದಾಟಿದೆ, ಹೆಂಡತಿ ಸಂಸಾರ ಇದೆ, ಆದರೆ ಇಂಥದ್ದೇ ನನ್ನ ಕ್ಷೇತ್ರ ಎಂದು ಹೇಳಿಕೊಳ್ಳುವಂತಿಲ್ಲ. ಆಗ ಆನ್ರಿ ದ್ಯುತ್ರೋಶೆ ಎಂಬ ಹಿರಿಯ ವಿಜ್ಞಾನಿ ಒಂದು ಸಲಹೆ ಕೊಟ್ಟರು. ಎಲ್ಲವನ್ನೂ ಬಿಟ್ಟು ಪ್ರಾಣಿಶಾಸ್ತ್ರ ಒಂದನ್ನೇ ಹಿಡಿಯಬೇಕು ಎಂದರು. ಆತ ಹಾಗೆಯೇ ಮಾಡಿದ. ಕೈಯಲ್ಲಿದ್ದ ಕೆಲಸ ಬಿಟ್ಟು ಪ್ಯಾರಿಸ್‌ಗೆ ಹೋದ. ವಿಜ್ಞಾನ ಪತ್ರಿಕೆಗಳಿಗೆ, ವಿಶ್ವಕೋಶಗಳಿಗೆ ಬರೆದು ಬಂದ ಹಣದಲ್ಲಿ ಸಂಸಾರ ನಡೆಸಿದ. ಇವತ್ತಿನ ಭಾಷೆಯಲ್ಲಿ ಹೇಳಬೇಕೆಂದರೆ ಫ್ರೀಲಾನ್ಸರ್.

ಊರ ಹೊಲದ ಚಿಪ್ಪಿನಿಂದ ಸಮುದ್ರ ತೀರಕ್ಕೆ

ಇಷ್ಟು ಕಡೆ ಸುತ್ತಿದ್ದು ದಂಡವಾಯಿತೇ? ಮುಂದಿನ ಕಥೆ ನೋಡಿ.

ಟೂರ್ ಊರು ಸಮುದ್ರದಿಂದ ಬಹಳ ಒಳಗಿದೆ. ಆದರೂ ಆ ಸೀಮೆಯ ನೆಲ ಅಗೆದರೆ ಕಡಲ ಚಿಪ್ಪುಗಳು ರಾಶಿ ರಾಶಿ ಸಿಗುತ್ತವೆ. ಲಕ್ಷಾಂತರ ವರ್ಷಗಳ ಹಿಂದೆ ಅಲ್ಲಿ ಸಮುದ್ರ ಇತ್ತು. ಡುಜಾರ್ಡಿನ್ ಈ ಪಳೆಯುಳಿಕೆಗಳ ಬಗ್ಗೆ ಬರೆದ ಲೇಖನ ಇಂಗ್ಲೆಂಡಿನ ಭೂವಿಜ್ಞಾನಿ ಚಾರ್ಲ್ಸ್ ಲೈಯಲ್ ಅವರ ಗಮನವನ್ನೂ ಸೆಳೆದಿತ್ತು.

ಇಂಥ ಮಣ್ಣಿನಲ್ಲಿ ಮರಳಿನ ಕಣದಷ್ಟು ಸಣ್ಣ ಸುರುಳಿ ಚಿಪ್ಪುಗಳೂ ಇರುತ್ತವೆ. ಫೊರಾಮಿನಿಫೆರಾ ಎಂದು ಅವುಗಳ ಹೆಸರು. ಒಳಗೆ ಕೋಣೆ ಕೋಣೆಯಾಗಿ, ನೋಡಲು ಥೇಟ್ ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪಿನ ಮರಿಯಂತೆ ಕಾಣುತ್ತವೆ. ಆದ್ದರಿಂದ ಆಗಿನ ದೊಡ್ಡ ತಜ್ಞ ಆಲ್ಸೀಡ್ ಡಿ ಓರ್ಬಿನಿ ಇವನ್ನು ನಾಟಿಲಸ್, ಆಕ್ಟೋಪಸ್‌ಗಳ ಬಳಗಕ್ಕೆ ಸೇರಿಸಿದ್ದ. ಚಿಪ್ಪು ನೋಡಿ ಮಾಡಿದ ತೀರ್ಮಾನ ಅದು. ಒಳಗಿದ್ದ ಪ್ರಾಣಿ ಎಂಥದ್ದು?

ಡುಜಾರ್ಡಿನ್ 1834ರಲ್ಲಿ ಮೆಡಿಟರೇನಿಯನ್ ತೀರಕ್ಕೆ ಹೋಗಿ ಜೀವಂತ ಫೊರಾಮಿನಿಫೆರಾಗಳನ್ನು ಹಿಡಿದು ನೋಡಿದ. ಆಕ್ಟೋಪಸ್‌ಗೆ ಇರುವಂಥ ತೋಳಾಗಲಿ, ಕಣ್ಣಾಗಲಿ, ಕರುಳಾಗಲಿ ಏನೂ ಇರಲಿಲ್ಲ. ಚಿಪ್ಪಿನ ರಂಧ್ರಗಳಿಂದ ಪಾರದರ್ಶಕವಾದ ಅಂಟು ಪದಾರ್ಥವೊಂದು ಎಳೆ ಎಳೆಯಾಗಿ, ಬೇರಿನಂತೆ ಕವಲೊಡೆದು ಹೊರಬರುತ್ತಿತ್ತು. ಒಂದು ಎಳೆ ಇನ್ನೊಂದರೊಳಗೆ ಬೆರೆತು ಒಂದಾಗುತ್ತಿತ್ತು. ಮತ್ತೆ ಹಿಂದಕ್ಕೆ ಸರಿದು ಚಿಪ್ಪು ಸೇರುತ್ತಿತ್ತು. ಬೇರಿನಂಥ ಪಾದವುಳ್ಳವು ಎಂಬ ಅರ್ಥದಲ್ಲಿ ಇವಕ್ಕೆ ರೈಜೊಪಾಡ್ ಎಂದು ಹೆಸರಿಟ್ಟ. ಕೆಲವು ವರ್ಷಗಳಲ್ಲಿ ಡಿ ಓರ್ಬಿನಿಯೂ ಈ ಮಾತನ್ನು ಒಪ್ಪಿಕೊಂಡ.

ಆ ಅಂಟು ಪದಾರ್ಥಕ್ಕೆ 1835ರಲ್ಲಿ ಆತ ಕೊಟ್ಟ ಹೆಸರೇ ಸಾರ್ಕೋಡ್. ನೀರಿನಲ್ಲಿ ಕರಗದು, ಅಂಟಂಟಾಗಿದೆ, ಪಾರದರ್ಶಕ, ತಾನಾಗಿ ಕುಗ್ಗಿ ಹಿಗ್ಗುತ್ತದೆ. ಅದರೊಳಗೆ ಅಂಗಾಂಗ ಯಾವುದೂ ಇಲ್ಲ, ಆದರೆ ಜೀವ ಇದೆ! ಜೀವ ಇರಬೇಕಾದರೆ ಹೊಟ್ಟೆ, ಹೃದಯ, ನರ ಎಲ್ಲ ಇರಲೇಬೇಕು ಎಂದು ನಂಬಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಕೋಶ ಸಿದ್ಧಾಂತವನ್ನು ಷ್ಲೈಡೆನ್ ಮತ್ತು ಶ್ವಾನ್ ಮುಂದಿಟ್ಟಿದ್ದೇ 1838, 39ರಲ್ಲಿ. ಡುಜಾರ್ಡಿನ್ ಮಾತು ಅದಕ್ಕಿಂತ ಮುಂಚಿನದು.

ಬರ್ಲಿನ್ನಿನ ದೊಡ್ಡವರ ಎದುರು

ಆಗ ಸೂಕ್ಷ್ಮಜೀವಿಗಳ ಲೋಕಕ್ಕೆ ಒಬ್ಬ ಚಕ್ರವರ್ತಿ ಇದ್ದ. ಬರ್ಲಿನ್ನಿನ ಕ್ರಿಸ್ಟಿಯನ್ ಗಾಟ್‌ಫ್ರೀಡ್ ಏರೆನ್‌ಬರ್ಗ್. ಹಂಬೋಲ್ಟ್ ಜೊತೆ 1829ರಲ್ಲಿ ರಷ್ಯಾ, ಸೈಬೀರಿಯಾ ಸುತ್ತಿ ಬಂದವನು. ಒಣಹುಲ್ಲನ್ನು ನೀರಲ್ಲಿ ನೆನೆಹಾಕಿ ಕೆಲವು ದಿನ ಬಿಟ್ಟರೆ ಕಾಣಿಸುವ ಜೀವಿಗಳಿಗೆ ಆಗ ಇನ್ಫ್ಯೂಸೋರಿಯಾ ಎನ್ನುತ್ತಿದ್ದರು. ಹದಿನೇಳನೇ ಶತಮಾನದಲ್ಲಿ ಲೇವನ್‌ಹುಕ್ ಇಂಥ ಜೀವಿಗಳನ್ನು ಮೊದಲು ಕಂಡ. ಡೆನ್ಮಾರ್ಕಿನ ಓಟೊ ಫ್ರೆಡ್ರಿಕ್ ಮುಲ್ಲರ್ ಇವುಗಳಿಗೆ ಹೆಸರಿಟ್ಟು ವರ್ಗೀಕರಿಸಿದ ಪುಸ್ತಕ ಆತ ತೀರಿಕೊಂಡ ಎರಡು ವರ್ಷಗಳ ಮೇಲೆ, 1786ರಲ್ಲಿ ಬಂತು. ಏರೆನ್‌ಬರ್ಗ್ ಈ ಕೆಲಸವನ್ನು ಇನ್ನೂ ದೊಡ್ಡದಾಗಿ ಬೆಳೆಸಿದ. 1838ರಲ್ಲಿ 64 ಬಣ್ಣದ ಚಿತ್ರಪಟಗಳಿದ್ದ ಭಾರೀ ಗ್ರಂಥವನ್ನೇ ತಂದ.

ಏರೆನ್‌ಬರ್ಗ್ ಈ ಜೀವಿಗಳಿಗೆ ನೀಲಿ, ಕೆಂಪು ಬಣ್ಣದ ಪುಡಿಯನ್ನು ನೀರಲ್ಲಿ ಕಲೆಸಿ ತಿನ್ನಿಸಿದ. ದೇಹದೊಳಗೆ ಬಣ್ಣದ ಗುಂಡುಗಳು ಅಲ್ಲಲ್ಲಿ ಕಾಣಿಸಿದವು. ಅವೆಲ್ಲ ಹೊಟ್ಟೆಗಳು ಎಂದ. ಹೊಟ್ಟೆಗಳನ್ನು ಜೋಡಿಸುವ ಕರುಳು ಇದೆ ಎಂದ. ಹಾಗಾಗಿ ಇವು ಬಹುಜಠರ ಪ್ರಾಣಿಗಳು, ಗಾತ್ರ ಚಿಕ್ಕದಾದರೂ ಆನೆ ಕುದುರೆಗಳಂತೆ ಪೂರ್ಣಾಂಗ ಪ್ರಾಣಿಗಳು ಎಂಬುದು ಆತನ ವಾದ. ಇಡೀ ವರ್ಗೀಕರಣ ನಿಂತಿದ್ದೇ ಈ ಹೊಟ್ಟೆ, ಕರುಳುಗಳ ಮೇಲೆ.

ಡುಜಾರ್ಡಿನ್ ಅದೇ ಬಣ್ಣದ ಪ್ರಯೋಗ ಮಾಡಿ ನೋಡಿದ. ಗುಂಡುಗಳು ಕಂಡವು. ಆದರೆ ಆತ ಅಲ್ಲಿಗೆ ಬಿಡಲಿಲ್ಲ, ಒಂದೊಂದು ಗುಂಡನ್ನೇ ಬಹಳ ಹೊತ್ತು ಹಿಂಬಾಲಿಸಿದ. ಗುಂಡು ಬಾಯಿಯ ತಳದಲ್ಲಿ ಹುಟ್ಟುತ್ತದೆ, ಅಲ್ಲಿಂದ ಕಳಚಿಕೊಳ್ಳುತ್ತದೆ, ದೇಹದ ತುಂಬ ತೇಲುತ್ತ ಹೋಗುತ್ತದೆ. ನಮ್ಮ ಹೊಟ್ಟೆ ಎಲ್ಲಾದರೂ ಭುಜದ ಹತ್ತಿರ ಹೋಗಿ ಮತ್ತೆ ಸೊಂಟದ ಹತ್ತಿರ ಬರುತ್ತದೆಯೇ? ಕರುಳಿಗೆ ಕಟ್ಟಿದ ಹೊಟ್ಟೆ ಅಲೆದಾಡಲಾರದು. ಅಂದರೆ ಅದು ಹೊಟ್ಟೆಯೇ ಅಲ್ಲ, ಸಾರ್ಕೋಡ್‌ನೊಳಗೆ ಆಹಾರದ ಸುತ್ತ ಆದ ಪೊಳ್ಳು ಅಷ್ಟೇ. ಪಠ್ಯಪುಸ್ತಕದಲ್ಲಿ ನಾವು ಅದನ್ನು ಆಹಾರ ರಸದಾನಿ ಎಂದು ಓದಿದ್ದೇವೆ. ಇನ್ನೊಂದು ಸಾಕ್ಷಿಯೂ ಸಿಕ್ಕಿತು. ಜೀವಿಯನ್ನು ಗಾಜಿನ ನಡುವೆ ಮೆಲ್ಲಗೆ ಒತ್ತಿದರೆ ಸಾರ್ಕೋಡ್ ಹನಿಹನಿಯಾಗಿ ಹೊರಗೆ ಒಸರುತ್ತದೆ. ಹಾಗೆ ಬಂದ ಹನಿಯಲ್ಲೂ ತಾನಾಗಿ ಪೊಳ್ಳುಗಳು ಮೂಡುತ್ತವೆ. ದೇಹದಿಂದ ಹೊರಬಿದ್ದ ಹನಿಗೆ ಹೊಸದಾಗಿ ಹೊಟ್ಟೆ ಹುಟ್ಟಲು ಸಾಧ್ಯವಿಲ್ಲವಲ್ಲ!

ಗಮನಿಸಿ, ಇಲ್ಲಿ ಆತನ ಕೈಗೆ ಬಂದದ್ದು ಬೀದಿ ಬೀದಿ ಸುತ್ತಿ ಕಲಿತ ವಿದ್ಯೆಗಳೇ. ಗಡಿಯಾರದ ಮನೆಯ ಕೈ, ಚಿತ್ರಕಾರನ ಕಣ್ಣು, ಕರಗುವುದು ಕರಗದಿರುವುದನ್ನು ಪರೀಕ್ಷಿಸುವ ರಸಾಯನಶಾಸ್ತ್ರದವನ ಬುದ್ಧಿ, ಬೆಳಕಿನ ಗುಣ ತಿಳಿದ ದೃಗ್ವಿಜ್ಞಾನ. ನೋಡಬೇಕಾದ ವಸ್ತುವಿನ ಮೇಲೆ ಕೆಳಗಿನಿಂದ ಬೆಳಕನ್ನು ಒಟ್ಟುಗೂಡಿಸಿ ಬೀಳಿಸುವ ಸಾಧನವನ್ನು ಸೂಕ್ಷ್ಮದರ್ಶಕಕ್ಕೆ ತಾನೇ ರೂಪಿಸಿಕೊಂಡ. 1843ರಲ್ಲಿ ಸೂಕ್ಷ್ಮದರ್ಶಕ ಬಳಸುವವರಿಗಾಗಿ ಕೈಪಿಡಿಯನ್ನೂ ಬರೆದ.

ಓಡಾಟ ನೋಡಿ ವಿಂಗಡಿಸಿದ

ಹೊಟ್ಟೆ ಕರುಳು ಇಲ್ಲವೆಂದ ಮೇಲೆ ಆ ಲೆಕ್ಕದ ವರ್ಗೀಕರಣವೂ ಬಿದ್ದುಹೋಯಿತು. ಹಾಗಾದರೆ ಈ ಸಾವಿರಾರು ಜೀವಿಗಳನ್ನು ವಿಂಗಡಿಸುವುದು ಹೇಗೆ? ಡುಜಾರ್ಡಿನ್ 1841ರಲ್ಲಿ ಪ್ರಕಟಿಸಿದ ಇನ್ಫ್ಯೂಸೋರಿಯಾ ಗ್ರಂಥದಲ್ಲಿ ಉತ್ತರ ಕೊಟ್ಟ. ಊಹೆಯ ಅಂಗ ಬೇಡ, ಕಣ್ಣಿಗೆ ಕಾಣುವುದನ್ನು ಹಿಡಿಯೋಣ. ಜೀವಿ ಯಾವುದರಿಂದ ಚಲಿಸುತ್ತದೆ ನೋಡೋಣ.

ಹೀಗೆ ಐದು ಗಣಗಳಾದವು. ಚಲಿಸುವ ಅಂಗವೇ ಕಾಣದ ವಿಬ್ರಿಯೊ ಜಾತಿಯವು ಮೊದಲನೆಯವು, ಇವನ್ನು ನಾವೀಗ ಬ್ಯಾಕ್ಟೀರಿಯಾ ಎನ್ನುತ್ತೇವೆ. ಆಕಾರ ಬದಲಿಸುತ್ತ ಮೈಯನ್ನೇ ಚಾಚುವ ಅಮೀಬಾದಂಥವು ಎರಡನೆಯವು. ಚಾಟಿಯಂಥ ಕಶಾಂಗ ಬೀಸಿ ಸಾಗುವವು ಮೂರನೆಯವು. ಮೈಮೇಲೆ ಕಣ್ಣಿನ ರೆಪ್ಪೆಗೂದಲಿನಂಥ ಲೋಮಾಂಗಗಳಿರುವ ಸಿಲಿಯೇಟ್‌ಗಳು ನಾಲ್ಕು ಮತ್ತು ಐದನೆಯವು. ಮೈಗೆ ಹೊದಿಕೆ ಇಲ್ಲದವು ಒಂದು ಕಡೆ, ಲೋಮಾಂಗಗಳು ಸಾಲಾಗಿ ನಿಂತು ಹೊದಿಕೆಯ ಸುಳಿವು ಕೊಡುವವು ಇನ್ನೊಂದು ಕಡೆ. ಪ್ರೌಢಶಾಲೆಯಲ್ಲಿ ನಾವು ಓದಿದ ಅಮೀಬಾ, ಯೂಗ್ಲಿನಾ, ಪ್ಯಾರಮೀಸಿಯಂ ಎಂಬ ಮೂರು ಮಾದರಿಗಳನ್ನು ನೆನಪಿಸಿಕೊಳ್ಳಿ. ಮಿಥ್ಯಾಪಾದ, ಕಶಾಂಗ, ಲೋಮಾಂಗ ಎಂಬ ಆ ವಿಂಗಡಣೆಯ ಬೇರು ಇಲ್ಲಿದೆ.

ಆ ಪುಸ್ತಕದಲ್ಲಿ ಆತ ಹೆಸರಿಟ್ಟ ಹಲವು ಸಿಲಿಯೇಟ್‌ಗಳು ಸಮುದ್ರ ತೀರದವು. ಅಲೆ ಬಡಿಯುವ ಅಂಚು, ಪಾಚಿ ಕಟ್ಟಿದ ಬಂಡೆ, ಮರಳ ಕಣಗಳ ನಡುವಿನ ತೇವ, ಇವೇ ಅವುಗಳ ಮನೆ. ಯುರೋನೀಮಾ ಎನ್ನುವುದು ಸಣ್ಣ ಮೊಟ್ಟೆಯಾಕಾರದ್ದು, ಹಿಂಭಾಗದಲ್ಲಿ ಒಂದೇ ಒಂದು ಉದ್ದನೆಯ ಲೋಮಾಂಗ. ಹೆಸರಿನ ಅರ್ಥವೇ ಬಾಲದ ದಾರ. ಪ್ಲೂರೋನೀಮಾಕ್ಕೆ ಬಾಯಿಯ ಪಕ್ಕದಲ್ಲಿ ಹಾಯಿಯಂತೆ ಹರಡುವ ಪೊರೆ ಇದೆ, ಆ ಹಾಯಿಗೆ ಬ್ಯಾಕ್ಟೀರಿಯಾ ಬಿದ್ದರೆ ಊಟ. ಡಯೋಫ್ರಿಸ್ ಇನ್ನೂ ವಿಚಿತ್ರ. ಇದರ ಲೋಮಾಂಗಗಳು ಕಟ್ಟುಕಟ್ಟಾಗಿ ಸೇರಿ ಕಾಲಿನಂತಾಗಿವೆ. ಈಜುವ ಬದಲು ಮರಳ ಮೇಲೆ, ಪಾಚಿಯ ಮೇಲೆ ಓಡಾಡುತ್ತದೆ. ಒಂದೇ ಕೋಶ, ಆದರೆ ನಡಿಗೆ ಇದೆ!

ಓಡಾಟ ನೋಡಿ ವಿಂಗಡಿಸಿದ್ದು ಎಷ್ಟು ಜಾಣತನ ಎಂದು ಫ್ಲೂಯಿಡ್ ಮೆಕ್ಯಾನಿಕ್ಸ್ ಓದುವವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಮಿಲಿಮೀಟರ್‌ನಲ್ಲಿ ಇಪ್ಪತ್ತನೇ ಒಂದು ಭಾಗದಷ್ಟು ಉದ್ದದ ಜೀವಿ ಸೆಕೆಂಡಿಗೆ ಅರ್ಧ ಮಿಲಿಮೀಟರ್ ಸಾಗುತ್ತದೆ ಎಂದಿಟ್ಟುಕೊಳ್ಳಿ. ರೆನಾಲ್ಡ್ಸ್ ಸಂಖ್ಯೆ ಲೆಕ್ಕ ಹಾಕಿದರೆ 0.025 ಬರುತ್ತದೆ. ನಾವು ಕ್ಲಾಸಿನಲ್ಲಿ ಲೆಕ್ಕ ಮಾಡುವ ಪೈಪುಗಳಲ್ಲಿ ಅದು ಸಾವಿರಗಳಲ್ಲಿ ಇರುತ್ತದೆ. ಅಂದರೆ ಆ ಜೀವಿಗೆ ನೀರು ನಮಗಿದ್ದಂತೆ ತೆಳ್ಳಗಿಲ್ಲ, ಜೇನುತುಪ್ಪದಲ್ಲಿ ಈಜಿದಂತೆ. ಕೈ ಬೀಸುವುದು ನಿಲ್ಲಿಸಿದರೆ ಅಲ್ಲಿಗೇ ನಿಂತುಬಿಡುತ್ತದೆ, ಜಾರಿಕೊಂಡು ಮುಂದೆ ಹೋಗುವ ಮಾತೇ ಇಲ್ಲ. ಮುಂದಕ್ಕೆ ಬೀಸಿದ್ದನ್ನೇ ಹಿಂದಕ್ಕೂ ಹಾಗೆಯೇ ಬೀಸಿದರೆ ಹೊರಟ ಜಾಗಕ್ಕೇ ವಾಪಸು. ಅದಕ್ಕೇ ಲೋಮಾಂಗ ಹೊಡೆಯುವಾಗ ನೆಟ್ಟಗೆ ನಿಲ್ಲುತ್ತದೆ, ವಾಪಸು ಬರುವಾಗ ಬಾಗಿ ಮೈಗೆ ಒರಗಿಕೊಂಡು ಬರುತ್ತದೆ. ಇಂಥ ನೀರಿನಲ್ಲಿ ಚಲಿಸುವ ಯಂತ್ರವೇ ಜೀವಿಯ ಬದುಕನ್ನು ನಿರ್ಧರಿಸುತ್ತದೆ. ರೆನಾಲ್ಡ್ಸ್ ಸಂಖ್ಯೆ ಡುಜಾರ್ಡಿನ್ ಕಾಲಕ್ಕೆ ಇರಲಿಲ್ಲ. ಆದರೆ ಹೈಡ್ರಾಲಿಕ್ ಎಂಜಿನಿಯರ್ ಆಗಿದ್ದವನ ಕಣ್ಣು ಮೊದಲು ಚಲನೆಯ ಕಡೆಗೇ ಹೋಯಿತಲ್ಲ, ಅದು ನನಗೆ ಇಷ್ಟ.

ಯಾವಾಗಲೂ ಎರಡನೇ ಸ್ಥಾನ

ಇಷ್ಟೆಲ್ಲ ಆದ ಮೇಲೆ ಪ್ಯಾರಿಸ್ ಕರೆದು ಸನ್ಮಾನ ಮಾಡಿತು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಆದರೆ ಹಾಗಾಗಲಿಲ್ಲ.

ಪ್ರಾಣಿಶಾಸ್ತ್ರಕ್ಕೆಂದು ಎಲ್ಲ ಬಿಟ್ಟುಬಂದವನಿಗೆ 1839ರಲ್ಲಿ ಟೂಲೂಸ್‌ನಲ್ಲಿ ಸಿಕ್ಕಿದ್ದು ಭೂವಿಜ್ಞಾನ ಮತ್ತು ಖನಿಜಶಾಸ್ತ್ರದ ಪ್ರಾಧ್ಯಾಪಕ ಹುದ್ದೆ. ಹಳೆಯ ಪಳೆಯುಳಿಕೆಗಳ ಕೆಲಸ ಅಲ್ಲಿ ಕೈ ಹಿಡಿಯಿತು. 1840ರ ನವೆಂಬರ್‌ನಲ್ಲಿ ರೆನ್ ನಗರದ ಹೊಸ ವಿಜ್ಞಾನ ಕಾಲೇಜಿಗೆ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಪ್ರಾಧ್ಯಾಪಕನಾಗಿ, ಡೀನ್ ಆಗಿ ಹೋದ. ಡೀನ್ ಕುರ್ಚಿ ನೆಮ್ಮದಿ ಕೊಡಲಿಲ್ಲ. ಸಹೋದ್ಯೋಗಿಗಳ ಜೊತೆ ಜಗಳ ಶುರುವಾಯಿತು. 1842ರಲ್ಲಿ ಆ ಹುದ್ದೆ ಬಿಟ್ಟ, ಆದರೂ ಮುನಿಸು ಮುಗಿಯಲಿಲ್ಲ. ಪ್ಯಾರಿಸ್‌ನ ದೊಡ್ಡ ಹುದ್ದೆಗಳಿಗೆ ಹಲವು ಸಲ ಹೆಸರು ಹೋಯಿತು. ಪ್ರತಿ ಸಲವೂ ಮತ ಎಣಿಸಿದಾಗ ಈತ ಎರಡನೆಯವನು. ಇಂಟರ್‌ವ್ಯೂ ಫೈನಲ್ ರೌಂಡ್‌ವರೆಗೆ ಹೋಗಿ ಬಂದವರಿಗೆ ಈ ನೋವು ಗೊತ್ತು.

ಕಡೆಗೆ ಎಲ್ಲರೂ ತನ್ನ ವಿರುದ್ಧ ಇದ್ದಾರೆ ಎನ್ನುವ ಭಾವನೆ ಬಲಿತು ಜನರಿಂದ ದೂರವಾದ. ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಹೆಸರು ಸೂಚಿತವಾಗಿ ಹನ್ನೆರಡು ವರ್ಷಗಳಾದ ಮೇಲೆ, 1859ರಲ್ಲಿ, ಹೊರಊರಿನ ಸದಸ್ಯನಾಗಿ ಆಯ್ಕೆಯಾದ. ಮರುವರ್ಷ 1860ರ ಏಪ್ರಿಲ್ 8ರಂದು ರೆನ್‌ನಲ್ಲೇ ತೀರಿಕೊಂಡ. ಐವತ್ತೊಂಬತ್ತು ತುಂಬಿ ಮೂರು ದಿನ ಆಗಿತ್ತು.

ಆದರೆ ಈ ಒಂಟಿತನದ ವರ್ಷಗಳಲ್ಲೂ ಕೆಲಸ ನಿಲ್ಲಲಿಲ್ಲ, ಅದು ಮುಖ್ಯ. 1845ರಲ್ಲಿ ಹೊಟ್ಟೆಹುಳುಗಳ ಬಗ್ಗೆ ದೊಡ್ಡ ಗ್ರಂಥ ಬಂತು. 1850ರಲ್ಲಿ ಜೇನ್ನೊಣದಂಥ ಕೀಟಗಳ ಮಿದುಳಿನಲ್ಲಿ ಅಣಬೆಯಾಕಾರದ ಭಾಗವನ್ನು ಗುರುತಿಸಿದ. ಗುಂಪಾಗಿ ಬಾಳುವ ಕೀಟಗಳಲ್ಲಿ ಅದು ದೊಡ್ಡದಾಗಿರುವುದನ್ನು ಕಂಡು ಅವುಗಳ ಬುದ್ಧಿಗೂ ಅದಕ್ಕೂ ಸಂಬಂಧ ಇದೆ ಎಂದ. ಕೀಟಗಳ ಕಲಿಕೆ, ನೆನಪುಗಳ ಬಗ್ಗೆ ಸಂಶೋಧನೆ ಮಾಡುವವರು ಇಂದಿಗೂ ಆ ಅಣಬೆ ಭಾಗವನ್ನೇ ಹುಡುಕಿಕೊಂಡು ಹೋಗುತ್ತಾರೆ. ನಕ್ಷತ್ರಮೀನಿನ ಬಳಗದ ಬಗ್ಗೆ ಬರೆದ ಪುಸ್ತಕ ಆತ ಸತ್ತ ಮೇಲೆ, 1862ರಲ್ಲಿ ಹೊರಬಂತು.

ಉಳಿದದ್ದು ಏನು

ಡುಜಾರ್ಡಿನ್ ಹೇಳಿದ್ದೆಲ್ಲ ಸರಿಯೇ? ಅಲ್ಲ. ಏರೆನ್‌ಬರ್ಗ್ ಇಲ್ಲದ ಅಂಗಗಳನ್ನು ಕಂಡರೆ, ಈತ ಇದ್ದ ರಚನೆಗಳನ್ನೂ ಕೆಲವೊಮ್ಮೆ ಅಲ್ಲಗಳೆದ. ಸಿಲಿಯೇಟ್‌ಗಳ ಒಳಗೆ ಸಾರ್ಕೋಡ್ ಬಿಟ್ಟು ಹೆಚ್ಚೇನೂ ಇಲ್ಲ ಎಂಬಷ್ಟು ಸರಳ ಮಾಡಿಬಿಟ್ಟ. ನಿಜದಲ್ಲಿ ಒಂದೇ ಕೋಶದೊಳಗೆ ಅವುಗಳದ್ದು ಬಲು ಅಚ್ಚುಕಟ್ಟಾದ ವ್ಯವಸ್ಥೆ. ಎರಡು ಬಗೆಯ ಕೋಶಕೇಂದ್ರಗಳಿವೆ, ಲೋಮಾಂಗಗಳ ಬುಡದಲ್ಲಿ ಜಾಲದಂಥ ರಚನೆ ಇದೆ. 1920ರ ದಶಕದಿಂದ ಬೆಳ್ಳಿಯ ಲವಣದಿಂದ ಬಣ್ಣ ಕಟ್ಟುವ ವಿಧಾನ ಬಂದ ಮೇಲೆ ಆ ಜಾಲ ಸ್ಪಷ್ಟವಾಗಿ ಕಂಡಿತು. ಇಂದು ಸಿಲಿಯೇಟ್‌ಗಳನ್ನು ವಿಂಗಡಿಸುವವರು ಆ ಜಾಲದ ವಿನ್ಯಾಸವನ್ನೂ ನೋಡುತ್ತಾರೆ, ಜೀನ್ ಅನುಕ್ರಮವನ್ನೂ ಹೋಲಿಸುತ್ತಾರೆ. ಏರೆನ್‌ಬರ್ಗ್‌ನ ಹೊಟ್ಟೆ ಸಿದ್ಧಾಂತ ಹೋಯಿತು, ಆದರೆ ಆತ ಹೆಸರಿಟ್ಟ ಯೂಪ್ಲೋಟಿಸ್‌ನಂಥ ಎಷ್ಟೋ ಕುಲಗಳು ಹಾಗೆಯೇ ಉಳಿದಿವೆ. ಜಗಳವಾಡಿದ ಇಬ್ಬರ ಕೆಲಸವೂ ಇಂದಿನ ಪಟ್ಟಿಯಲ್ಲಿ ಅಕ್ಕಪಕ್ಕದಲ್ಲಿದೆ.

ಸಾರ್ಕೋಡ್ ಕಥೆ ಇನ್ನೂ ಸ್ವಲ್ಪ ಇದೆ. ಪುರ್ಕಿನ್ಯೆ 1839ರಲ್ಲಿ ಪ್ರೋಟೋಪ್ಲಾಸಂ ಎಂಬ ಪದ ತಂದ. 1846ರಲ್ಲಿ ಹ್ಯೂಗೊ ವಾನ್ ಮೋಲ್ ಸಸ್ಯಕೋಶದೊಳಗಿನ ಪದಾರ್ಥಕ್ಕೆ ಅದೇ ಪದ ಬಳಸಿದ. ಸಸ್ಯದ ಪ್ರೋಟೋಪ್ಲಾಸಂ, ಪ್ರಾಣಿಯ ಸಾರ್ಕೋಡ್ ಬೇರೆಬೇರೆಯಲ್ಲ, ಎಲ್ಲ ಜೀವಕ್ಕೂ ಆಧಾರವಾದ ಪದಾರ್ಥ ಒಂದೇ ಬಗೆಯದು ಎಂದು ಮ್ಯಾಕ್ಸ್ ಷುಲ್ಟ್ಸೆ ತೋರಿಸಿದ್ದು 1861ರಲ್ಲಿ. ಡುಜಾರ್ಡಿನ್ ಕಣ್ಣು ಮುಚ್ಚಿ ಒಂದು ವರ್ಷ ಆಗಿತ್ತು. ತಾನು ಕಂಡದ್ದು ಎಷ್ಟು ದೊಡ್ಡದು ಎಂದು ಆತನಿಗೆ ಪೂರ್ತಿ ತಿಳಿಯಲೇ ಇಲ್ಲ.

ಇಂಥ ಬದುಕಿನಿಂದ ಏನು ಕಲಿಯಬೇಕು? ಫೇಲಾದರೂ ಕೊನೆಗೆ ಗೆಲ್ಲುತ್ತೀರಿ ಎಂಬ ಮಾತನ್ನು ಮೋಟಿವೇಷನ್ ವಿಡಿಯೊಗಳು ದಿನಕ್ಕೆ ನೂರು ಸಲ ಹೇಳುತ್ತವೆ. ಡುಜಾರ್ಡಿನ್ ಬದುಕು ಅಷ್ಟು ಸುಲಭದ ಭರವಸೆ ಕೊಡುವುದಿಲ್ಲ. ಆತ ಬಯಸಿದ ಕಾಲೇಜೂ ಸಿಗಲಿಲ್ಲ, ಬಯಸಿದ ಊರಲ್ಲಿ ಹುದ್ದೆಯೂ ಸಿಗಲಿಲ್ಲ. ನನಗೆ ಅದರಲ್ಲಿ ಕಾಣುವುದು ಬೇರೆ ಎರಡು ಸಂಗತಿ.

ಒಂದು, ಕಲಿತದ್ದು ಯಾವುದೂ ದಂಡವಾಗಲಿಲ್ಲ. ಹೊಟ್ಟೆಪಾಡಿಗೆ ಮಾಡಿದ ಕೆಲಸ, ಹುಚ್ಚಿಗೆ ಕಲಿತ ಚಿತ್ರ, ಊರ ಹೊಲದಲ್ಲಿ ಹೆಕ್ಕಿದ ಚಿಪ್ಪು, ಎಲ್ಲವೂ ಒಂದು ದಿನ ಒಂದೇ ಹನಿಯ ಮುಂದೆ ಬಂದು ಸೇರಿದವು. ಆದರೆ ತಾವಾಗಿ ಸೇರಲಿಲ್ಲ. ಮೂವತ್ತು ದಾಟಿದ ಮೇಲಾದರೂ ಆತ ಒಂದು ಕಡೆ ಕೂತ, ಒಂದನ್ನು ಹಿಡಿದ. ದ್ಯುತ್ರೋಶೆಯ ಸಲಹೆ ಇಲ್ಲದಿದ್ದರೆ ಬರೀ ಸುತ್ತಾಟವೇ ಆಗುತ್ತಿತ್ತೇನೋ. ಡಿಗ್ರಿ ಒಂದು, ಕೋಚಿಂಗ್ ಇನ್ನೊಂದು, ಪಾರ್ಟ್‌ಟೈಂ ಕೆಲಸ ಮತ್ತೊಂದು ಎಂದು ಹರಿದುಹೋಗಿರುವ ನಮ್ಮಲ್ಲಿ ಹಲವರಿಗೆ ಈ ಎರಡೂ ಭಾಗ ಬೇಕು.

ಎರಡು, ದೊಡ್ಡವರು ಹೇಳಿದ್ದಾರೆ ಎಂದು ಇಲ್ಲದ ಹೊಟ್ಟೆಯನ್ನು ಆತ ಇದೆ ಎನ್ನಲಿಲ್ಲ. ತಾನು ಹೊಸಬ, ಹೇಳಿಕೊಳ್ಳಲು ದೊಡ್ಡ ಕಾಲೇಜಿನ ಹೆಸರಿಲ್ಲ, ಎದುರಿಗಿರುವವನು ಬರ್ಲಿನ್ನಿನ ಪ್ರಸಿದ್ಧ. ಆದರೂ ಗುಂಡು ಅಲೆದಾಡುವುದನ್ನು ಕಂಡ, ಕಂಡದ್ದನ್ನು ಬರೆದ. ಲ್ಯಾಬ್‌ನಲ್ಲಿ ರೀಡಿಂಗ್ ಬಾರದಿದ್ದರೆ ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ತುಂಬುವ ಅಭ್ಯಾಸ ಎಷ್ಟು ಕಾಲೇಜುಗಳಲ್ಲಿದೆ ಎಂದು ಓದುಗರಿಗೆ ನಾನು ಹೇಳಬೇಕಿಲ್ಲ. ಆ ಹೊತ್ತಿನಲ್ಲಿ ಈತನನ್ನು ಒಮ್ಮೆ ನೆನೆದರೆ ಸಾಕು.

ಪ್ರಾಣಿಗಳ ವೈಜ್ಞಾನಿಕ ಹೆಸರಿನ ಮುಂದೆ ಅದನ್ನು ಮೊದಲು ವಿವರಿಸಿದವರ ಹೆಸರು, ವರ್ಷ ಬರೆಯುವ ಪದ್ಧತಿ ಇದೆ. ಅಕ್ವೇರಿಯಂಗಳಲ್ಲಿ, ಸಮುದ್ರ ಮೀನು ಸಾಕುವ ಕೊಳಗಳಲ್ಲಿ ಮೀನಿನ ಮೈಗೆ ನುಗ್ಗಿ ಕಾಯಿಲೆ ತರುವ ಒಂದು ಸಿಲಿಯೇಟ್ ಇದೆ. ಮೀನು ಸಾಯತೊಡಗಿದಾಗ ಯಾವ ಜೀವಿ ಎಂದು ತಜ್ಞರು ಪರೀಕ್ಷಿಸುತ್ತಾರೆ. ಸರಿಯಾಗಿ ಗುರುತು ಹಿಡಿದರೆ ಮಾತ್ರ ಸರಿಯಾದ ಉಪಾಯ ಹುಡುಕಬಹುದು. ಆಗ ವರದಿಯಲ್ಲಿ ಬರೆಯುವ ಹೆಸರು ಯುರೋನೀಮಾ ಮರೈನಂ ಡುಜಾರ್ಡಿನ್, 1841. ಆ ವರದಿ ಓದುವ ಯಾರೂ ಈತ ಪ್ರವೇಶ ಪರೀಕ್ಷೆಯಲ್ಲಿ ಎಷ್ಟು ಅಂಕ ತೆಗೆದಿದ್ದ ಎಂದು ಕೇಳುವುದಿಲ್ಲ.